ವೇಲ್ಸ್‌ನ ರಾಜರು ಪಾಲಿನ ಜಗಳದಿಂದಲೇ ಹಾಳಾದರಾ?

ಪ್ರಶ್ನೆ: ಮಧ್ಯಯುಗದ ವೇಲ್ಸ್ ಬಗ್ಗೆ ಓದುತ್ತಿದ್ದೇನೆ. ಎಲ್ಲಿ ನೋಡಿದರೂ ಅಣ್ಣ ತಮ್ಮನನ್ನು ಸೆರೆಗೆ ಹಾಕುತ್ತಾನೆ, ಚಿಕ್ಕಪ್ಪ ಅಣ್ಣನ ಮಗನ ಕಣ್ಣು ಕೀಳಿಸುತ್ತಾನೆ. ಹೆಸರುಗಳೂ ಎಲ್ಲ ಒಂದೇ ಥರ, ಯಾರು ಯಾರ ಮಗ ಅಂತಲೇ ಗೊತ್ತಾಗುವುದಿಲ್ಲ. ಎಲ್ಲ ಗಂಡುಮಕ್ಕಳಿಗೂ ಪಾಲು ಕೊಡುವ ಪದ್ಧತಿಯೇ ಈ ರಾಜ್ಯಗಳನ್ನು ಮುಳುಗಿಸಿತು ಎಂದು ಹಲವು ಕಡೆ ಬರೆದಿದ್ದಾರೆ. ಇದು ನಿಜವಾ? ಆ ಮನೆತನಗಳಲ್ಲಿ ಯಾರಾದರೂ ಉಳಿದರಾ?

ಉತ್ತರ:

ಪಾಲು ಒಂದು ಕಾರಣ ಹೌದು. ಆದರೆ ಅದನ್ನೇ ಮುಖ್ಯ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದಾಯಾದಿ ಜಗಳ ಇಲ್ಲದ ರಾಜಮನೆತನ ಎಲ್ಲಿದೆ? ವೇಲ್ಸ್‌ನ ಕಷ್ಟ ಬೇರೆ. ಅಲ್ಲಿ ಮನೆಯಲ್ಲಿ ಮುನಿಸಿಕೊಂಡು ಹೊರಟ ಪ್ರತಿಯೊಬ್ಬ ತಮ್ಮನಿಗೂ ಪಕ್ಕದ ಮನೆಯಲ್ಲಿ ಊಟ, ಹಾಸಿಗೆ, ಬೇಕಾದರೆ ಸೈನ್ಯವೂ ಸಿಗುತ್ತಿತ್ತು. ಆ ಪಕ್ಕದ ಮನೆ ಇಂಗ್ಲೆಂಡ್. ಇದನ್ನು ಒಂದೇ ಕುಟುಂಬದ ಕಥೆ ಹಿಡಿದು ತೋರಿಸುತ್ತೇನೆ. ಅದಕ್ಕೆ ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ.

ಅವರಿಗೆ ಮನೆತನದ ಅಡ್ಡಹೆಸರು ಇರಲಿಲ್ಲ. ಹೆಸರಿನ ಜೊತೆ ಅಪ್ಪನ ಹೆಸರು, ಅಷ್ಟೇ. ನಡುವೆ ಬರುವ ‘ಆಪ್’ ಅಂದರೆ ಮಗ. ಅಪ್ಪನ ಹೆಸರು ಸ್ವರದಿಂದ ಶುರುವಾದರೆ ‘ಆಬ್’. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ಜಾಸ್ತಿ, ಹಾಗಾಗಿ ಗ್ರಿಫಿದ್, ಲವೆಲಿನ್, ಓವೈನ್, ದಾವಿದ್ ಮತ್ತೆ ಮತ್ತೆ ಬರುತ್ತಾರೆ. ‘ಗ್ರಿಫಿದ್ ಆಪ್ ಲವೆಲಿನ್’ ಎಂಬ ಹೆಸರಿನವರೇ ಇಬ್ಬರು ಮುಖ್ಯರಿದ್ದಾರೆ. ಒಬ್ಬ ಸತ್ತಿದ್ದು 1063ರಲ್ಲಿ, ಇನ್ನೊಬ್ಬ 1244ರಲ್ಲಿ. ಗುರುತು ಹಿಡಿಯಲು ಜನ ಒಂದು ವಿಶೇಷಣ ಸೇರಿಸುತ್ತಿದ್ದರು. ‘ಮಾವ್ರ್’ ಅಂದರೆ ದೊಡ್ಡವನು. ‘ದಾ’ ಅಂದರೆ ಒಳ್ಳೆಯವನು. ‘ಗೋಖ್’ ಅಂದರೆ ಕೆಂಪು, ಕೂದಲು ನೋಡಿ ಇಟ್ಟದ್ದು. ಮೂಗು ಚಪ್ಪಟೆಯಾಗಿದ್ದ ಒಬ್ಬ ರಾಜಕುಮಾರನಿಗೆ ಆ ಮೂಗೇ ಹೆಸರಾಗಿ ಉಳಿದಿದೆ. ಇನ್ನು ಲವೆಲಿನ್‌ನ ಮೊದಲ ಅಕ್ಷರಕ್ಕೆ ಸರಿಯಾದ ಅಕ್ಷರ ನಮ್ಮ ಲಿಪಿಯಲ್ಲಿ ಇಲ್ಲ. ‘ಲ’ ಹೇಳಲು ನಾಲಿಗೆ ಎಲ್ಲಿ ಇಡುತ್ತೀರೋ ಅಲ್ಲೇ ಇಟ್ಟು, ದನಿ ತೆಗೆಯದೆ ಪಕ್ಕದಿಂದ ಗಾಳಿ ಊದಿ. ಅದೇ ಆ ಅಕ್ಷರ. ಎರಡು ಸಲ ಪ್ರಯತ್ನಿಸಿದರೆ ಬರುತ್ತದೆ.

ಈಗ ಮನೆತನಗಳು. 9ನೇ ಶತಮಾನದಲ್ಲಿ ರೋದ್ರಿ ಮಾವ್ರ್ ಎಂಬ ರಾಜ ವಾಯವ್ಯದ ಗ್ವಿನೆದ್‌ನಿಂದ ಶುರು ಮಾಡಿ ವೇಲ್ಸ್‌ನ ಬಹುಭಾಗ ಹಿಡಿದ. 856ರಲ್ಲಿ ಡೇನರ ನಾಯಕ ಗೋರ್ಮ್‌ನನ್ನು ಕೊಂದ. 878ರಲ್ಲಿ ಇಂಗ್ಲಿಷರ ಕೈಯಲ್ಲಿ ತಾನೇ ಸತ್ತ. ಮುಂದೆ ಬಂದ ಎರಡು ದೊಡ್ಡ ಮನೆತನಗಳು ಅವನ ಮಕ್ಕಳಿಂದ ಹುಟ್ಟಿದವು. ಆನಾರವ್ದ್‌ನ ವಂಶಕ್ಕೆ ಆಂಗ್ಲ್‌ಸಿ ದ್ವೀಪದ ಆಬೆರ್‌ಫ್ರಾವ್ ಮೂಲ ಅರಮನೆ. ಅವರದು ಗ್ವಿನೆದ್. ಕಾದೆಲ್‌ನ ವಂಶಕ್ಕೆ ದಕ್ಷಿಣದ ದಿನೆವುರ್. ಅವರದು ದೆಹೈಬಾರ್ತ್. ಮೂರನೆಯದು ನಡುನಾಡಿನ ಪೊವಿಸ್, ಮಥ್ರಾವಲ್ ಮನೆತನ. ಅದು 1075ರಲ್ಲಿ ಸತ್ತ ಬ್ಲೆದಿನ್ ಎಂಬ ರಾಜನಿಂದ ಬಂದದ್ದು. ಈ ಮೂರು ನೆನಪಿಟ್ಟುಕೊಂಡರೆ ಸಾಕು, ಉಳಿದವರೆಲ್ಲ ಒಂದಲ್ಲ ಒಂದು ಕಡೆ ಬಂದು ಕೂಡುತ್ತಾರೆ.

ಕಾನೂನಿನ ವಿಷಯಕ್ಕೆ ಬರೋಣ, ನಿಮ್ಮ ಪ್ರಶ್ನೆಯ ಜೀವ ಅಲ್ಲೇ ಇದೆ. ವೇಲ್ಸ್‌ನ ಕಾನೂನಿಗೆ ‘ಹವೆಲ್‌ನ ಕಾನೂನು’ ಎಂದೇ ಹೆಸರು. ಹವೆಲ್ ದಾ ರೋದ್ರಿಯ ಮೊಮ್ಮಗ. 928ರಲ್ಲಿ ರೋಮ್‌ಗೆ ಯಾತ್ರೆ ಹೋಗಿಬಂದವನು. ಇವತ್ತು ಸಿಗುವ ಕಾನೂನಿನ ಹಸ್ತಪ್ರತಿಗಳು ಅವನಿಗಿಂತ ಮುನ್ನೂರು ವರ್ಷ ಈಚಿನವು, ಆದರೂ ಹೆಸರು ಅವನದೇ. ಓದಲು ಬಹಳ ಸೊಗಸಾದ ಪುಸ್ತಕಗಳು. ರಾಜನಿಗೆ ಅವಮಾನ ಮಾಡಿದರೆ ಕಟ್ಟಬೇಕಾದ ದಂಡ ಏನು ಗೊತ್ತೇ? ರಾಜ್ಯದ ಒಂದೊಂದು ನಾಡಿಗೂ ನೂರು ಹಸು, ಕಿವಿ ಕೆಂಪಗಿರುವ ಬಿಳಿ ಹೋರಿ, ಒಂದು ಚಿನ್ನದ ಕೋಲು, ಅವನ ಮುಖದಷ್ಟು ಅಗಲದ ಚಿನ್ನದ ತಟ್ಟೆ. ತಟ್ಟೆ ಎಷ್ಟು ದಪ್ಪ ಇರಬೇಕು? ವರ್ಷಗಟ್ಟಲೆ ನೇಗಿಲು ಹಿಡಿದ ರೈತನ ಉಗುರಿನಷ್ಟು. ರಾಜನ ಮರ್ಯಾದೆ ಅಳೆಯಲು ಉಳುವವನ ಉಗುರು ಬೇಕಾಯಿತು. ಈ ಸಾಲು ಓದಿದ ಮೇಲೆ ಆ ಕಾಲದ ವೇಲ್ಸ್ ನನಗೆ ತುಂಬ ಹತ್ತಿರದ್ದು ಅನ್ನಿಸಿತು.

ಜಮೀನಿಗೆ ಬಂದರೆ, ಅಪ್ಪನ ಆಸ್ತಿ ಎಲ್ಲ ಗಂಡುಮಕ್ಕಳಿಗೂ. ಕಿರಿಯವನು ಪಾಲು ಮಾಡಬೇಕು, ಹಿರಿಯವನು ಮೊದಲು ಆರಿಸಬೇಕು. ಪಾಲು ಮಾಡಿದವನಿಗೆ ಕೊನೆಗೆ ಉಳಿದದ್ದೇ ಸಿಗುತ್ತದೆ, ಹಾಗಾಗಿ ಮೋಸ ಮಾಡಲು ಅವಕಾಶವೇ ಇಲ್ಲ. ಮದುವೆಯಾಚೆ ಹುಟ್ಟಿದ ಮಗನಿಗೂ ಪಾಲಿದೆ, ಅಪ್ಪ ಒಪ್ಪಿಕೊಂಡಿರಬೇಕು ಅಷ್ಟೇ. ಚರ್ಚಿನ ಕಾನೂನು ಇದನ್ನು ಒಪ್ಪುವುದಿಲ್ಲ ಎಂದು ಆ ಪುಸ್ತಕವೇ ಹೇಳುತ್ತದೆ. ಆದರೂ ಅಪ್ಪನ ಪಾಪವನ್ನು ಮಗನ ಪಾಲಿಗೆ ಅಂಟಿಸಬಾರದು ಎಂದು ತನ್ನ ಮಾತಿಗೇ ನಿಲ್ಲುತ್ತದೆ.

ಇದು ಹೊಲದ ಕಾನೂನು. ಪಟ್ಟದ ಕಾನೂನು ಇದಲ್ಲ! ಇಲ್ಲೇ ಜನ ಎಡವುವುದು. ಪಟ್ಟಕ್ಕೆ ಒಬ್ಬನೇ ವಾರಸುದಾರ. ಅವನನ್ನು ‘ಎಡ್ಲಿಂಗ್’ ಅನ್ನುತ್ತಿದ್ದರು. ಮಗನೋ ತಮ್ಮನೋ ತಮ್ಮನ ಮಗನೋ, ಹತ್ತಿರದ ರಕ್ತಸಂಬಂಧಿಗಳಲ್ಲಿ ಒಬ್ಬನನ್ನು ರಾಜ ಮೊದಲೇ ಗುರುತಿಸಬೇಕು. ಪಟ್ಟ ಒಡೆಯಬೇಕು ಎಂದು ಕಾನೂನು ಹೇಳಲೇ ಇಲ್ಲ. ಆದರೆ ಹಿರಿಮಗನಿಗೇ ಸಿಗಬೇಕು ಎಂದೂ ಹೇಳಲಿಲ್ಲ. ಆಸೆ ಇಟ್ಟುಕೊಳ್ಳುವ ಹಕ್ಕು ನಾಲ್ಕೈದು ಜನಕ್ಕಿತ್ತು, ಗದ್ದುಗೆ ಮಾತ್ರ ಒಂದೇ. ಆಗ ಏನಾಗುತ್ತದೆ ಅಂತ ಊಹಿಸಬಹುದು, ಅಲ್ವಾ?

ಮೊದಲ ಗ್ರಿಫಿದ್ ಆಪ್ ಲವೆಲಿನ್‌ನನ್ನೇ ನೋಡಿ. ಇಡೀ ವೇಲ್ಸ್ ಆಳಿದ ಒಬ್ಬನೇ ಸ್ಥಳೀಯ ರಾಜ ಅವನು, ಅದೂ ಕೆಲವೇ ವರ್ಷ. ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಮುಗಿಸಿದ. ‘ನಾನು ಯಾರನ್ನೂ ಕೊಲ್ಲುತ್ತಿಲ್ಲ, ತಾಯಿಯನ್ನೇ ತಿವಿಯದಂತೆ ವೇಲ್ಸ್‌ನ ಮಕ್ಕಳ ಕೊಂಬು ಮೊಂಡು ಮಾಡುತ್ತಿದ್ದೇನೆ’ ಎಂದು ಅವನು ಹೇಳಿದನಂತೆ. ನೂರು ವರ್ಷದ ನಂತರದ ಲೇಖಕನೊಬ್ಬ ಬರೆದಿಟ್ಟ ಕಥೆ ಇದು. 1063ರಲ್ಲಿ ಅವನ ಕಡೆಯವರೇ ಅವನನ್ನು ಕೊಂದರು. ತಲೆಯನ್ನು, ಮುಂದೆ ಇಂಗ್ಲೆಂಡ್‌ನ ರಾಜನಾದ ಹೆರಾಲ್ಡ್‌ಗೆ ಕಳಿಸಿದರು. ಅವನ ಹೆಂಡತಿಯನ್ನು ಮುಂದೆ ಹೆರಾಲ್ಡೇ ಮದುವೆಯಾದ.

ಇದನ್ನೆಲ್ಲ ಓದಿ ವೇಲ್ಸ್‌ನವರು ಕ್ರೂರಿಗಳು ಅಂದುಕೊಳ್ಳಬೇಡಿ. ಇಂಗ್ಲೆಂಡ್‌ನ ರಾಜ 1ನೇ ಹೆನ್ರಿ ತನ್ನ ಸ್ವಂತ ಅಣ್ಣ ರಾಬರ್ಟ್‌ನನ್ನು 1106ರಿಂದ ಸಾಯುವ ತನಕ, ಅಂದರೆ 28 ವರ್ಷ, ಸೆರೆಯಲ್ಲಿಟ್ಟಿದ್ದ. ರಾಬರ್ಟ್ 1134ರಲ್ಲಿ ಕಣ್ಣು ಮುಚ್ಚಿದ್ದು ವೇಲ್ಸ್‌ನದೇ ಕಾರ್ಡಿಫ್ ಕೋಟೆಯಲ್ಲಿ. ಹಿರಿಮಗನಿಗೇ ಪಟ್ಟ ಅನ್ನುವ ಕಡೆ ಒಡಹುಟ್ಟಿದವರು ಹಾಯಾಗಿ ಇದ್ದರು ಅನ್ನುವುದು ಸುಮ್ನೆ ಮಾತು.

ಈಗ ಆ ಕುಟುಂಬದ ಕಥೆ. 1170ರಲ್ಲಿ ಗ್ವಿನೆದ್‌ನ ಬಲಶಾಲಿ ರಾಜ ಓವೈನ್ ತೀರಿಕೊಂಡ. ಐದು ವರ್ಷ ಮೊದಲು, 1165ರಲ್ಲಿ, 2ನೇ ಹೆನ್ರಿ ದೊಡ್ಡ ಸೈನ್ಯ ತಂದು ಬೆರ್ವಿನ್ ಬೆಟ್ಟದಲ್ಲಿ ಮಳೆಗೆ ಸಿಕ್ಕಿ ವಾಪಸ್ ಹೋಗಿದ್ದ. ಅಂಥ ರಾಜನನ್ನು ತಡೆದು ನಿಂತ ಓವೈನ್ ಸತ್ತ ವರ್ಷವೇ ಅವನ ಮಗ ಹವೆಲ್‌ನನ್ನು ಮಲತಾಯಿಯ ಮಕ್ಕಳು ಪೆಂಟ್ರಾಯ್ತ್‌ನಲ್ಲಿ ಕೊಂದರು. ಹವೆಲ್ ಒಳ್ಳೆಯ ಕವಿ. ತನ್ನ ನಾಡಿನ ಕಡಲತೀರ, ಬಿಳಿ ಸೀಗಲ್ ಹಕ್ಕಿ, ಹೆಣ್ಣುಮಕ್ಕಳ ಮೇಲೆ ಬರೆದ ಪದ್ಯಗಳು ಇವತ್ತಿಗೂ ಉಳಿದಿವೆ. ಕೊಂದವರಲ್ಲಿ ಒಬ್ಬನಾದ ದಾವಿದ್ ಹೋಗಿ 2ನೇ ಹೆನ್ರಿಯ ಮಲತಂಗಿಯನ್ನು ಮದುವೆಯಾದ. ಪಕ್ಕದ ಮನೆಯ ಬಾಗಿಲು ಆಗಲೇ ತೆರೆದಿತ್ತು.

ಮೂಗು ಚಪ್ಪಟೆ ಎಂದೆನಲ್ಲ, ಯೊರ್ವರ್ತ್, ಅವನು ಇದೇ ಓವೈನ್‌ನ ಇನ್ನೊಬ್ಬ ಮಗ. ಅವನ ಮಗನೇ ದೊಡ್ಡ ಲವೆಲಿನ್. ಚಿಕ್ಕಪ್ಪಂದಿರನ್ನು ಒಬ್ಬೊಬ್ಬರನ್ನಾಗಿ ಸರಿಸಿ, 1200ರ ಸುಮಾರಿಗೆ ಇಡೀ ಗ್ವಿನೆದ್ ತನ್ನದು ಮಾಡಿಕೊಂಡ. 1205ರಲ್ಲಿ ಇಂಗ್ಲೆಂಡ್‌ನ ರಾಜ ಜಾನ್‌ನ ಮದುವೆಯಾಚೆಯ ಮಗಳು ಜೋನ್‌ಳನ್ನು ಮದುವೆಯಾದ. 1211ರಲ್ಲಿ ಮಾವನೇ ದಂಡೆತ್ತಿ ಬಂದಾಗ ಗಂಡನ ಪರವಾಗಿ ಅಪ್ಪನ ಹತ್ತಿರ ಮಾತಿಗೆ ಹೋದವಳು ಅವಳು. ಜಾನ್ ಬಿಟ್ಟುಹೋದ, ಆದರೆ ಎರಡು ಷರತ್ತು ಹಾಕಿದ. ಲವೆಲಿನ್‌ನ ಮೊದಲ ಮಗ ಗ್ರಿಫಿದ್ ಒತ್ತೆಯಾಳಾಗಿ ಬರಬೇಕು. ಜೋನ್‌ಗೆ ಮಗ ಹುಟ್ಟದಿದ್ದರೆ ರಾಜ್ಯ ಇಂಗ್ಲೆಂಡ್‌ಗೆ ಸೇರಬೇಕು. ಈ ಗ್ರಿಫಿದ್ ತಂಗ್ವಿಸ್ತಿಲ್ ಎಂಬ ವೇಲ್ಸ್ ಹೆಂಗಸಿನ ಮಗ, ಚರ್ಚಿನ ಕಣ್ಣಲ್ಲಿ ಮದುವೆಯಾಚೆಯವನು. 1215ರ ಮ್ಯಾಗ್ನಾ ಕಾರ್ಟಾದ 58ನೇ ಕಲಮಿನಲ್ಲಿ ‘ಲವೆಲಿನ್‌ನ ಮಗನನ್ನು ತಕ್ಷಣ ಹಿಂದಿರುಗಿಸಬೇಕು’ ಎಂದಿದೆ. ಆ ಮಗ ಇವನೇ. ಜಗತ್ತಿಗೆಲ್ಲ ಗೊತ್ತಿರುವ ಆ ದಾಖಲೆಯಲ್ಲಿ ಒಬ್ಬ ವೇಲ್ಸ್ ಹುಡುಗನ ಬಿಡುಗಡೆಯೂ ಇದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ.

ಜೋನ್‌ಗೆ ಮಗ ಹುಟ್ಟಿದ, ದಾವಿದ್. ದೊಡ್ಡ ಲವೆಲಿನ್ ಅವನನ್ನೇ ವಾರಸುದಾರ ಎಂದು ತೀರ್ಮಾನಿಸಿ, ಆ ಒಂದು ಕೆಲಸಕ್ಕೆ ಇಪ್ಪತ್ತು ವರ್ಷ ಸುರಿದ. 1220ರಲ್ಲಿ ಇಂಗ್ಲೆಂಡ್‌ನ ಒಪ್ಪಿಗೆ. 1222ರಲ್ಲಿ ಪೋಪ್‌ರ ಒಪ್ಪಿಗೆ. 1226ರಲ್ಲಿ ಜೋನ್ ಸಕ್ರಮ ಮಗಳೇ ಎಂದು ಪೋಪ್‌ರಿಂದಲೇ ಪತ್ರ. 1238ರಲ್ಲಿ ಸ್ಟ್ರಾಟಾ ಫ್ಲೋರಿಡಾ ಮಠದಲ್ಲಿ ವೇಲ್ಸ್‌ನ ಒಡೆಯರನ್ನೆಲ್ಲ ಸೇರಿಸಿ ದಾವಿದ್‌ಗೆ ನಿಷ್ಠೆಯ ಪ್ರಮಾಣ. ನಡುವೆ 1230ರಲ್ಲಿ ದೊಡ್ಡ ಆಘಾತವೊಂದು ಬಂತು. ವಿಲಿಯಂ ಡ ಬ್ರೋಸ್ ಎಂಬ ಗಡಿನಾಡಿನ ಒಡೆಯ ಜೋನ್ ಜೊತೆ ಲವೆಲಿನ್‌ನ ಕೋಣೆಯಲ್ಲೇ ಸಿಕ್ಕಿಬಿದ್ದ. ಅವನನ್ನು ಎಲ್ಲರೆದುರು ಗಲ್ಲಿಗೆ ಹಾಕಿಸಿದ. ಆದರೂ ಅವನ ಮಗಳಿಗೂ ದಾವಿದ್‌ಗೂ ಗೊತ್ತಾಗಿದ್ದ ಮದುವೆ ನಿಲ್ಲಲಿಲ್ಲ. ಜೋನ್‌ಳನ್ನು ಸ್ವಲ್ಪ ಕಾಲ ಸೆರೆಯಲ್ಲಿಟ್ಟು, ಮತ್ತೆ ಕರೆಸಿಕೊಂಡ. 1237ರಲ್ಲಿ ಅವಳು ಸತ್ತಾಗ ಅವಳ ನೆನಪಿಗೆ ಲಾನ್‌ವಾಯ್ಸ್‌ನಲ್ಲಿ ಒಂದು ಮಠ ಕಟ್ಟಿಸಿದ. ಅವಳದ್ದೆಂದು ಹೇಳುವ ಕಲ್ಲಿನ ಶವಪೆಟ್ಟಿಗೆ ಈಗ ಬ್ಯೂಮಾರಿಸ್ ಚರ್ಚಿನಲ್ಲಿದೆ. ಮಠ ಹಾಳಾದ ಮೇಲೆ ಅದು ಎಷ್ಟೋ ಕಾಲ ಕುದುರೆಗಳಿಗೆ ನೀರು ಕುಡಿಸುವ ತೊಟ್ಟಿಯಾಗಿತ್ತು.

ಇಷ್ಟೆಲ್ಲ ಮಾಡಿದವನು ಇನ್ನೊಂದು ಕಡೆ ಏನು ಮಾಡಿದ ನೋಡಿ. ದೆಹೈಬಾರ್ತ್‌ನಲ್ಲಿ ರೀಸ್ ಎಂಬ ದೊಡ್ಡ ಅರಸ 1197ರಲ್ಲಿ ಸತ್ತಿದ್ದ. 1176ರಲ್ಲಿ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ಸಂಗೀತಗಾರರನ್ನೂ ಸೇರಿಸಿ ಸ್ಪರ್ಧೆ ನಡೆಸಿದವನು ಅವನೇ. ಕೊನೆಗಾಲದಲ್ಲಿ ಸ್ವಂತ ಮಕ್ಕಳೇ ಅವನನ್ನು ಹಿಡಿದು ಕೂಡಿಹಾಕಿದ್ದರು. ಅವನ ಮಕ್ಕಳು ಮೊಮ್ಮಕ್ಕಳು ಬಡಿದಾಡುತ್ತಿದ್ದಾಗ, 1216ರಲ್ಲಿ ಆಬೆರ್‌ಡವಿಯಲ್ಲಿ ಸಭೆ ಕರೆದು ದೆಹೈಬಾರ್ತನ್ನು ಅವರಿಗೆ ಹಂಚಿಕೊಟ್ಟವನು ಲವೆಲಿನ್. ತನ್ನ ಮನೆ ಒಡೆಯಬಾರದು, ಪಕ್ಕದವರ ಮನೆ ಒಡೆದರೆ ತನಗೇ ಬಲ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದುಃಖದ ಸಂಗತಿ ಏನೆಂದರೆ, ಲಂಡನ್‌ನಲ್ಲಿ ಕೂತವರಿಗೂ ಇದು ಅಷ್ಟೇ ಚೆನ್ನಾಗಿ ಗೊತ್ತಿತ್ತು.

1240ರಲ್ಲಿ ದೊಡ್ಡ ಲವೆಲಿನ್ ತೀರಿಕೊಂಡ. ದಾವಿದ್ ಪಟ್ಟಕ್ಕೆ ಬಂದ. ಅಣ್ಣ ಗ್ರಿಫಿದ್ ಆಗ ತಮ್ಮನ ಸೆರೆಯಲ್ಲಿ, ಕ್ರಿಕಿಯೆತ್ ಕೋಟೆಯಲ್ಲಿ. ಗ್ರಿಫಿದ್‌ನ ಹೆಂಡತಿ ಸೆನಾನಾ ಸುಮ್ಮನೆ ಕೂರಲಿಲ್ಲ. 1241ರಲ್ಲಿ ನೇರ ರಾಜ 3ನೇ ಹೆನ್ರಿಯ ಹತ್ತಿರ ಹೋದಳು. ಗಂಡನನ್ನು ಬಿಡಿಸಿ, ಅವನ ಪಾಲು ಕೊಡಿಸಿದರೆ 600 ಮಾರ್ಕ್ (ಆ ಕಾಲದ ಹಣದ ಲೆಕ್ಕ) ಕೊಡುತ್ತೇನೆ ಎಂದು ಕರಾರು ಮಾಡಿಕೊಂಡಳು. ಹೆನ್ರಿ ಸೈನ್ಯ ತಂದ, ದಾವಿದ್ ಸೋತ, ಗ್ರಿಫಿದ್‌ನನ್ನು ಬಿಡಿಸಿಯೂ ಬಿಡಿಸಿದ. ಬಿಡಿಸಿ ಲಂಡನ್ ಟವರ್‌ಗೆ ಕರೆದುಕೊಂಡು ಹೋಗಿ ಅಲ್ಲಿ ಇಟ್ಟುಕೊಂಡ. ಇನ್ನು ಮುಂದೆ ದಾವಿದ್ ತಲೆಯೆತ್ತಿದರೆ ‘ನಿಮ್ಮಣ್ಣನನ್ನು ಬಿಡುತ್ತೇನೆ’ ಅಂದರೆ ಸಾಕಲ್ಲ! ಸೆನಾನಾಳ ನಂಬಿಕೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. 1244ರ ಮಾರ್ಚ್ 1, ವೇಲ್ಸ್‌ನ ಸಂತ ಡೇವಿಡ್‌ರ ಹಬ್ಬದ ದಿನ, ಗ್ರಿಫಿದ್ ಹಾಸಿಗೆಯ ಬಟ್ಟೆಗಳನ್ನು ಗಂಟು ಹಾಕಿ ಕಿಟಕಿಯಿಂದ ಇಳಿಯಲು ನೋಡಿದ. ದಪ್ಪ ಆಳು. ಹಗ್ಗ ಕಿತ್ತುಬಂತು, ಕತ್ತು ಮುರಿಯಿತು. ಆ ಕಾಲದ ಸನ್ಯಾಸಿ ಚರಿತ್ರಕಾರ ಮ್ಯಾಥ್ಯೂ ಪ್ಯಾರಿಸ್ ತನ್ನ ಪುಸ್ತಕದ ಅಂಚಿನಲ್ಲಿ ಅವನು ತಲೆಕೆಳಗಾಗಿ ಬೀಳುವ ಚಿತ್ರ ಬರೆದಿಟ್ಟಿದ್ದಾನೆ.

ಎರಡು ವರ್ಷಕ್ಕೆ ದಾವಿದ್ ಕೂಡ ಮಕ್ಕಳಿಲ್ಲದೆ ಸತ್ತ. ಅಪ್ಪ ಇಪ್ಪತ್ತು ವರ್ಷ ಕಟ್ಟಿದ ಏರ್ಪಾಡು ಆರೇ ವರ್ಷಕ್ಕೆ ಮುಗಿಯಿತು. ಇದು ಪಾಲಿನ ತಪ್ಪೂ ಅಲ್ಲ, ಕಾನೂನಿನ ತಪ್ಪೂ ಅಲ್ಲ. ಮಗು ಹುಟ್ಟಲಿಲ್ಲ, ಅಷ್ಟೇ.

ಉಳಿದದ್ದು ಗ್ರಿಫಿದ್‌ನ ನಾಲ್ಕು ಮಕ್ಕಳು: ಓವೈನ್ ಗೋಖ್, ಲವೆಲಿನ್, ದಾವಿದ್, ರೋದ್ರಿ. 1247ರಲ್ಲಿ ವುಡ್‌ಸ್ಟಾಕ್‌ನಲ್ಲಿ ಹೆನ್ರಿ ಗ್ವಿನೆದ್‌ನ ಅರ್ಧವನ್ನು ಕಿತ್ತುಕೊಂಡು, ಉಳಿದದ್ದನ್ನು ಮೊದಲ ಇಬ್ಬರಿಗೆ ಬಿಟ್ಟ. ಮೂರನೆಯವನು ದೊಡ್ಡವನಾದಾಗ, ನಿಮ್ಮ ಪದ್ಧತಿಯಂತೆ ಅವನಿಗೂ ಕೊಡಿ ಎಂದು ಒತ್ತಾಯಿಸಿದವನೂ ಇಂಗ್ಲೆಂಡ್‌ನ ರಾಜನೇ. ‘ವೇಲ್ಸ್‌ನ ಪದ್ಧತಿ’ ಎಂದು ಜೋರಾಗಿ ಹೇಳುತ್ತಿದ್ದದ್ದು ವೇಲ್ಸ್‌ನ ರಾಜರಲ್ಲ. ಲವೆಲಿನ್ ಒಪ್ಪಲಿಲ್ಲ. 1255ರಲ್ಲಿ ಬ್ರಿನ್ ಡೆರ್ವಿನ್ ಕಣಿವೆಯಲ್ಲಿ ಅಣ್ಣ ತಮ್ಮ ಇಬ್ಬರನ್ನೂ ಸೋಲಿಸಿ, ಅಣ್ಣನನ್ನು 22 ವರ್ಷ ಸೆರೆಯಲ್ಲಿಟ್ಟ. ಮೂರು ವರ್ಷಕ್ಕೆ ತನ್ನನ್ನು ‘ವೇಲ್ಸ್‌ನ ಪ್ರಿನ್ಸ್’ ಎಂದು ಕರೆದುಕೊಂಡ. 1267ರ ಮಾಂಟ್‌ಗೊಮರಿ ಒಪ್ಪಂದದಲ್ಲಿ ಇಂಗ್ಲೆಂಡ್ ಕೂಡ ಆ ಬಿರುದು ಒಪ್ಪಿತು. ಅದಕ್ಕೆ ಬೆಲೆ 25,000 ಮಾರ್ಕ್. ಬೆಟ್ಟಗುಡ್ಡದ ಬಡ ನಾಡಿಗೆ ಅದು ಹೊರಲಾರದ ಹೊರೆ.

ಮೂರನೆಯ ತಮ್ಮ ದಾವಿದ್‌ನದು ವಿಚಿತ್ರ ಬದುಕು. ಮೂರು ಸಲ ಅಣ್ಣನ ವಿರುದ್ಧ ತಿರುಗಿದ. 1274ರ ಫೆಬ್ರವರಿಯಲ್ಲಿ ಪೊವಿಸ್‌ನ ಅರಸನ ಜೊತೆ ಸೇರಿ ಅಣ್ಣನ ಕೊಲೆಗೇ ಸಂಚು ಮಾಡಿದ. ಆ ರಾತ್ರಿ ಹಿಮಗಾಳಿ ಬೀಸಿ ಆಳುಗಳು ಬರಲಾಗಲಿಲ್ಲ. ಸಂಚು ಬಯಲಾದಾಗ ಇಬ್ಬರೂ ಓಡಿಹೋಗಿದ್ದು ಎಲ್ಲಿಗೆ? ಇಂಗ್ಲೆಂಡ್‌ನ ರಾಜ 1ನೇ ಎಡ್ವರ್ಡ್‌ನ ಆಶ್ರಯಕ್ಕೆ. ನನ್ನನ್ನು ಕೊಲ್ಲಲು ಬಂದವರನ್ನು ಸಾಕಿಕೊಂಡಿರುವ ರಾಜನಿಗೆ ನಾನು ಹೇಗೆ ಕೈಮುಗಿಯಲಿ ಎಂದು ಲವೆಲಿನ್ ಹೋಗಲಿಲ್ಲ. ಅದೇ ನೆಪವಾಗಿ 1277ರ ಯುದ್ಧ ಬಂತು, ರಾಜ್ಯದ ದೊಡ್ಡ ಭಾಗ ಹೋಯಿತು. ನೋಡಿ, ಇಲ್ಲಿ ಯಾವ ಪಾಲಿನ ಕಾನೂನು ಕೆಲಸ ಮಾಡಿತು? ತಮ್ಮನಿಗೆ ಓಡಿಹೋಗಲು ಜಾಗವೇ ಇರದಿದ್ದರೆ ಜಗಳ ಮನೆಯೊಳಗೇ ಮುಗಿಯುತ್ತಿತ್ತು.

ಆಮೇಲೆ ಅದೇ ದಾವಿದ್ ಎಡ್ವರ್ಡ್‌ನ ಅಧಿಕಾರಿಗಳ ಕಾಟ ತಾಳಲಾರದೆ, 1282ರ ಮಾರ್ಚ್‌ನಲ್ಲಿ ಹಾರ್ಡನ್ ಕೋಟೆಯ ಮೇಲೆ ಬಿದ್ದ. ಅಣ್ಣ ತಮ್ಮನ ಜೊತೆ ನಿಂತ. ಜೂನ್‌ನಲ್ಲಿ ಲವೆಲಿನ್‌ನ ಹೆಂಡತಿ ಎಲೆನರ್ ಹೆರಿಗೆಯಲ್ಲಿ ಸತ್ತಳು. ಹುಟ್ಟಿದ್ದು ಹೆಣ್ಣುಮಗು, ಗ್ವೆನ್‌ಲಿಯನ್. ಆ ಚಳಿಗಾಲದಲ್ಲಿ ಎಡ್ವರ್ಡ್ ಕಡೆಯಿಂದ ಒಂದು ಮಾತು ಬಂತು: ಗ್ವಿನೆದ್‌ನ ಬೆಟ್ಟನಾಡು ಸ್ನೋಡೋನಿಯಾ ಬಿಟ್ಟುಕೊಡು, ಇಂಗ್ಲೆಂಡ್‌ನಲ್ಲಿ ವರ್ಷಕ್ಕೆ 1,000 ಪೌಂಡ್ ಹುಟ್ಟುವ ಜಮೀನು ಕೊಡುತ್ತೇವೆ. ಲವೆಲಿನ್‌ನ ಸಭೆ ಕೊಟ್ಟ ಉತ್ತರ ದಾಖಲೆಯಲ್ಲಿದೆ. ನಮ್ಮ ಪ್ರಿನ್ಸ್ ಬಿಟ್ಟುಕೊಟ್ಟರೂ ನಾವು ಬಿಡುವುದಿಲ್ಲ, ಭಾಷೆ, ನಡೆ, ಕಾನೂನು ಯಾವುದೂ ಗೊತ್ತಿಲ್ಲದ ಪರಕೀಯನಿಗೆ ತಲೆಬಾಗುವುದಿಲ್ಲ ಎಂಬುದು ಅದರ ಸಾರ. ಒಡೆದ ಮನೆಯ ಜನ ಆಡುವ ಮಾತಾ ಇದು?

ಡಿಸೆಂಬರ್ 11ರಂದು ಕಿಲ್ಮೆರಿ ಹತ್ತಿರ ಲವೆಲಿನ್ ಕೊಲೆಯಾದ. ತಲೆ ಲಂಡನ್ ಟವರ್ ಮೇಲೇರಿತು. ಮುಂದಿನ ಅಕ್ಟೋಬರ್‌ನಲ್ಲಿ ದಾವಿದ್‌ನನ್ನು ಶ್ರೂಸ್‌ಬರಿಯಲ್ಲಿ ಎಳೆದಾಡಿ, ನೇಣು ಹಾಕಿ, ನಾಲ್ಕು ತುಂಡು ಮಾಡಿದರು. 1284ರ ರದ್‌ಲಾನ್ ಶಾಸನದಲ್ಲಿ ಎಡ್ವರ್ಡ್ ವೇಲ್ಸ್‌ಗೆ ಹೊಸ ಕಾನೂನು ತಂದ. ಅದರಲ್ಲಿ ಗಂಡುಮಕ್ಕಳಿಗೆ ಪಾಲು ಹಂಚುವ ಪದ್ಧತಿಯನ್ನು ಹಾಗೆಯೇ ಉಳಿಸಿದ, ಮದುವೆಯಾಚೆಯ ಮಕ್ಕಳನ್ನು ಮಾತ್ರ ಹೊರಗಿಟ್ಟ. ಗೆದ್ದವನಿಗೆ ಪಾಲಿನಿಂದ ತೊಂದರೆ ಇರಲಿಲ್ಲ.

ನಿಮ್ಮ ಮಾತಿಗೆ ಪೂರ್ತಿ ಹೊಂದುವ ಒಂದು ರಾಜ್ಯ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ಪೊವಿಸ್. 1160ರಲ್ಲಿ ಮಾಡೋಗ್ ಎಂಬ ರಾಜ ಸತ್ತ, ವಾರಸುದಾರ ಮಗನೂ ಅದೇ ವರ್ಷ ಕೊಲೆಯಾದ. ಮಕ್ಕಳು, ತಮ್ಮ, ತಮ್ಮನ ಮಗ ಹಂಚಿಕೊಂಡ ಆ ರಾಜ್ಯ ಮತ್ತೆ ಒಂದಾಗಲೇ ಇಲ್ಲ.

ಯಾರು ಉಳಿದರು ಎಂದು ಕೇಳಿದಿರಿ. ಗ್ವೆನ್‌ಲಿಯನ್‌ಳನ್ನು ತೊಟ್ಟಿಲ ಕೂಸಾಗಿರುವಾಗಲೇ ಲಿಂಕನ್‌ಶೈರ್‌ನ ಸೆಂಪ್ರಿಂಗ್‌ಹ್ಯಾಮ್ ಮಠಕ್ಕೆ ಸೇರಿಸಿದರು. ಅಲ್ಲೇ ಸನ್ಯಾಸಿನಿಯಾಗಿ 1337ರಲ್ಲಿ ಸತ್ತಳು. ದಾವಿದ್‌ನ ಇಬ್ಬರು ಗಂಡುಮಕ್ಕಳು ಬ್ರಿಸ್ಟಲ್ ಕೋಟೆಯಲ್ಲಿ ಬೆಳೆದರು. ದೊಡ್ಡವನು 1287ರಲ್ಲಿ ತೀರಿಹೋದ. ಚಿಕ್ಕವನು ಓವೈನ್. ರಾತ್ರಿ ಅವನನ್ನು ಇಡಲು ಕಬ್ಬಿಣ ಬಿಗಿದ ಮರದ ಪಂಜರ ಮಾಡಿಸಿ ಎಂದು 1305ರಲ್ಲಿ ರಾಜನ ಆಜ್ಞೆ ಬಂತು. 1325ರಲ್ಲೂ ಅವನು ಸೆರೆಯಲ್ಲಿ ಬದುಕಿದ್ದ. ಹಿಡಿದಾಗ ಚಿಕ್ಕ ಹುಡುಗ.

ಹೆಣ್ಣುಮಕ್ಕಳ ಕಡೆಯಿಂದ ರಕ್ತ ಹರಿಯಿತು. ದೊಡ್ಡ ಲವೆಲಿನ್‌ನ ಮಗಳು ಗ್ಲಾದಿಸ್ ಮಾರ್ಟಿಮರ್ ಮನೆತನ ಸೇರಿದಳು. ಕಿಲ್ಮೆರಿಯಲ್ಲಿ ಲವೆಲಿನ್‌ಗೆ ಎದುರಾಗಿ ನಿಂತವರಲ್ಲಿ ಅವಳ ಮೊಮ್ಮಕ್ಕಳೂ ಇದ್ದರು. ಆ ಮಾರ್ಟಿಮರ್ ವಂಶದ ಮೂಲಕ ಇವತ್ತಿನ ಬ್ರಿಟಿಷ್ ರಾಜಮನೆತನಕ್ಕೂ ದೊಡ್ಡ ಲವೆಲಿನ್ ಪೂರ್ವಜ. ಮುಂದೆ ಇಂಗ್ಲೆಂಡ್ ಆಳಿದ ಟ್ಯೂಡರ್‌ಗಳು ಅವನ ದಿವಾನ ಎಡ್ನವೆದ್‌ನ ವಂಶದವರು. ಎಡ್ನವೆದ್‌ನ ಹೆಂಡತಿ ದೆಹೈಬಾರ್ತ್‌ನ ರೀಸ್‌ನ ಮಗಳು.

ಗಂಡು ಸಂತತಿಯಲ್ಲಿ ಕೊನೆಗೆ ನಿಂತವನು ನಾಲ್ಕನೆಯ ತಮ್ಮ ರೋದ್ರಿಯ ಮೊಮ್ಮಗ. ರೋದ್ರಿ ಜಗಳವೇ ಬೇಡ ಎಂದು ತನ್ನ ಹಕ್ಕನ್ನು 1,000 ಮಾರ್ಕ್‌ಗೆ ಬಿಟ್ಟುಕೊಡಲು ಒಪ್ಪಿ, ಇಂಗ್ಲೆಂಡ್‌ನಲ್ಲಿ ತಣ್ಣಗೆ ಬದುಕಿದವನು. ಮೊಮ್ಮಗ ಓವೈನ್ ಲಾವ್‌ಗೋಖ್, ಅಂದರೆ ಕೆಂಪುಗೈ ಓವೈನ್, ಫ್ರಾನ್ಸ್ ಸೇರಿ ದೊಡ್ಡ ದಂಡನಾಯಕನಾದ. ತಾನೇ ವೇಲ್ಸ್‌ನ ಪ್ರಿನ್ಸ್ ಎಂದು ಘೋಷಿಸಿಕೊಂಡು 1372ರಲ್ಲಿ ಹಡಗುಗಳ ಜೊತೆ ಹೊರಟಿದ್ದ. ಗರ್ನ್‌ಸಿ ದ್ವೀಪದ ತನಕ ಬಂದಾಗ ಫ್ರಾನ್ಸ್‌ನ ರಾಜ ಬೇರೆ ಕೆಲಸಕ್ಕೆ ವಾಪಸ್ ಕರೆಸಿಕೊಂಡ. 1378ರಲ್ಲಿ ಮೊರ್ತಾನ್ಯೆ ಮುತ್ತಿಗೆಯಲ್ಲಿದ್ದಾಗ ಜಾನ್ ಲ್ಯಾಂಬ್ ಎಂಬವನು ಬಂದು ಅವನ ನಂಬಿಕೆ ಗಳಿಸಿ, ಜೊತೆಗಿದ್ದು, ಇರಿದು ಕೊಂದ. ಲ್ಯಾಂಬ್‌ಗೆ ಇಂಗ್ಲೆಂಡ್‌ನ ಖಜಾನೆಯಿಂದ 20 ಪೌಂಡ್ ಸಂದಾಯವಾದ ಲೆಕ್ಕ ಈಗಲೂ ಇದೆ. ಕಿಲ್ಮೆರಿ ಮುಗಿದು ಆಗ 95 ವರ್ಷ ದಾಟಿತ್ತು.